ಬಾಗಿಲ ಮೇಲಿನ ಹಲಗೆ

ಪ್ಯಾರಿಸ್ ನಗರವನ್ನು ನೋಡಲು ಹೋದವರು ಐಫೆಲ್ ಗೋಪುರದ ಚಿತ್ರ ತೆಗೆದುಕೊಳ್ಳದೆ ಹಿಂದಿರುಗುವುದು ಅಪರೂಪ. ಆ ಗೋಪುರ ಜನರಿಗೆ ತೆರೆದದ್ದು 1889ರಲ್ಲಿ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅದೇ ಊರಿನಲ್ಲಿ ಒಬ್ಬ ಮನುಷ್ಯ ಕ್ಯಾಮೆರಾ ಹೊತ್ತು ಬೀದಿಗಿಳಿದ. 30 ವರ್ಷಗಳಿಗೂ ಮಿಕ್ಕಿ ಆತ ಆ ನಗರದ ಓಣಿ ಓಣಿಗಳನ್ನು ಅಲೆದ. ಸಾವಿರ ಸಾವಿರ ಚಿತ್ರಗಳನ್ನು ತೆಗೆದ. ಮೆಟ್ಟಿಲುಗಳು, ಬಾಗಿಲಿನ ಚಿಲಕಗಳು, ಅಂಗಡಿಯ ಮುಂದೆ ತೂಗಹಾಕಿದ ಅಂಗಿಗಳು, ಹಿತ್ತಲ ಬಾವಿಗಳು, ಯಾವುದನ್ನೂ ಆತ ಬಿಡಲಿಲ್ಲ. ಲೋಕವೆಲ್ಲ ಕತ್ತೆತ್ತಿ ನೋಡುತ್ತಿದ್ದ ಆ ಗೋಪುರವನ್ನು ಮಾತ್ರ ತನ್ನ ಚಿತ್ರದ ವಸ್ತುವನ್ನಾಗಿ ಆರಿಸಿಕೊಳ್ಳಲಿಲ್ಲ. ಅದು ಹೊಸತು, ಅದು ಎಲ್ಲಿಗೂ ಹೋಗುವಂಥದಲ್ಲ. ಹೋಗಲಿದ್ದುದರ ಮೇಲೆಯೇ ಆತನ ಕಣ್ಣು.

ಆತನ ಹೆಸರು ಯೂಜೀನ್ ಅಟ್ಜೆ. ಬೀದಿಯ ಬದುಕನ್ನು ಚಿತ್ರಿಸುವ ಛಾಯಾಗ್ರಾಹಕರು ಇಂದು ಎಲ್ಲ ಮಹಾನಗರಗಳಲ್ಲಿಯೂ ಇದ್ದಾರೆ. ಅವರ ಪರಂಪರೆಯ ಮೂಲವನ್ನು ಅರಸಹೊರಟವರು ಬಹುಮಟ್ಟಿಗೆ ಈತನ ಬಾಗಿಲಿಗೇ ಬಂದು ನಿಲ್ಲುತ್ತಾರೆ. ಆ ಬಾಗಿಲಿನ ಮೇಲೆ ಒಂದು ಹಲಗೆಯಿತ್ತು. ‘ಕಲಾವಿದರಿಗೆ ಬೇಕಾದ ದಾಖಲೆಗಳು’ ಎಂಬುದು ಅದರ ಮೇಲಿನ ಬರಹ. ಕಲಾವಿದರು ನನ್ನ ಗಿರಾಕಿಗಳು, ನಾನು ಅವರಿಗೆ ಸಾಮಗ್ರಿ ಒದಗಿಸುವ ಕಸುಬಿನವನು ಎಂದು ಆ ಹಲಗೆಯ ತಾತ್ಪರ್ಯ. ಆತ ತೀರಿಹೋದ ಮೇಲೆ ಲೋಕವು ಆ ಹಲಗೆಯನ್ನು ಬದಿಗಿಟ್ಟು ಆತನನ್ನು ಮಹಾಕಲಾವಿದರ ಸಾಲಿನಲ್ಲಿ ಕೂಡಿಸಿತು. ಗೌರವದಿಂದಲೇ ಹಾಗೆ ಮಾಡಿತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ಗೌರವದಲ್ಲಿ ಒಂದು ಅನ್ಯಾಯ ಸೇರಿಕೊಂಡಿದೆಯೆಂದು ನನಗೆ ತೋರುತ್ತದೆ. ದಾಖಲೆಯೆಂಬುದು ಕಲೆಗಿಂತ ಕೀಳಾದುದು, ಒಳ್ಳೆಯ ದಾಖಲೆಗಾರನಿಗೆ ಬಡ್ತಿ ಕೊಟ್ಟು ಕಲಾವಿದನೆಂದು ಕರೆಯಬೇಕು ಎಂಬ ಎಣಿಕೆ ಅದರ ಹಿಂದೆ ಅಡಗಿದೆ. ಈ ಎಣಿಕೆಯನ್ನು ನಾನು ಒಪ್ಪಲಾರೆ.

ಅಟ್ಜೆ ಹುಟ್ಟಿದ್ದು 1857ರ ಫೆಬ್ರವರಿ 12ರಂದು, ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿರುವ ಲಿಬೂರ್ನ್ ಎಂಬ ಊರಿನಲ್ಲಿ. ತಂದೆ ಗಾಡಿ ಮಾಡುವ ಕಸುಬಿನವನು. ಎಳವೆಯಲ್ಲಿಯೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಹುಡುಗ ತಾಯಿಯ ಹೆತ್ತವರ ಆಸರೆಯಲ್ಲಿ ಬೆಳೆದ. ಸ್ವಲ್ಪಕಾಲ ಹಡಗಿನಲ್ಲಿ ದುಡಿದ. ಅನಂತರ ನಟನಾಗಬೇಕೆಂಬ ಹಂಬಲದಿಂದ ಪ್ಯಾರಿಸ್ಸಿಗೆ ಬಂದ. ಅಲ್ಲಿನ ಹೆಸರಾಂತ ನಾಟಕಶಾಲೆ ಮೊದಲ ಸಲ ಆತನನ್ನು ಸೇರಿಸಿಕೊಳ್ಳಲಿಲ್ಲ. ಮರುಸಲ ಸೇರಿಸಿಕೊಂಡಿತಾದರೂ ಕಡ್ಡಾಯ ಸೈನ್ಯಸೇವೆ ಅಡ್ಡಬಂದು ವ್ಯಾಸಂಗ ಪೂರ್ಣವಾಗಲಿಲ್ಲ. ಊರೂರು ತಿರುಗುವ ನಾಟಕ ಮಂಡಲಿಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದಾಗ ಗಂಟಲಿನ ಬೇನೆ ಬಂದು ಆ ದಾರಿಯೂ ಮುಚ್ಚಿತು. ಚಿತ್ರ ಬರೆಯಲು ಯತ್ನಿಸಿದ; ಅದೂ ಕೈಗೂಡಲಿಲ್ಲ. ಹೀಗೆ ಹಲವು ಬಾಗಿಲುಗಳನ್ನು ತಟ್ಟಿ, ವಯಸ್ಸು ಮೂವತ್ತು ದಾಟಿದ ಮೇಲೆ, ಹೊಟ್ಟೆಯ ಪಾಡಿಗೆಂದು ಹಿಡಿದದ್ದು ಕ್ಯಾಮೆರಾ. ವರ್ಣಚಿತ್ರಕಾರರು ಒಂದು ಮರವನ್ನೋ ಬಂಡಿಯನ್ನೋ ಹಳೆಯ ಹೆಬ್ಬಾಗಿಲನ್ನೋ ಬರೆಯಬೇಕಾದಾಗ ಮುಂದಿಟ್ಟುಕೊಂಡು ನೋಡಲು ಒಂದು ಛಾಯಾಚಿತ್ರ ಬೇಕಾಗುತ್ತಿತ್ತು. ಅದನ್ನು ಒದಗಿಸುವುದೇ ಆತನ ವ್ಯಾಪಾರ.

ಆ ಕಾಲದ ಪ್ಯಾರಿಸ್ಸಿನ ಸ್ಥಿತಿಯನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಅಟ್ಜೆ ಹುಟ್ಟುವ ಮೊದಲೇ, 1853ರಲ್ಲಿ, ಚಕ್ರವರ್ತಿ ಮೂರನೆಯ ನೆಪೋಲಿಯನ್ ಓಸ್ಮಾನ್ ಎಂಬ ಅಧಿಕಾರಿಗೆ ನಗರವನ್ನು ಹೊಸದಾಗಿ ಕಟ್ಟುವ ಹೊಣೆ ವಹಿಸಿದ್ದ. 1870ರವರೆಗೆ ಆ ಅಧಿಕಾರಿಯ ಕೈ ನಡೆಯಿತು. ಇಕ್ಕಟ್ಟಾದ ಕೇರಿಗಳನ್ನು ಸೀಳಿಕೊಂಡು ಅಗಲವಾದ ನೇರ ಹಾದಿಗಳು ಹೊರಟವು. ಗಾಳಿ, ಬೆಳಕು, ಒಳಚರಂಡಿ ಎಲ್ಲವೂ ಬಂದವು, ಇದನ್ನು ಅಲ್ಲಗಳೆಯಲಾಗದು. ಆದರೆ ತಲೆತಲಾಂತರದಿಂದ ಬಾಳಿದ ಮನೆಗಳೂ ಅವುಗಳಲ್ಲಿದ್ದ ಬಡವರೂ ಅಲ್ಲಿಂದ ಎದ್ದುಹೋದರು. ಓಸ್ಮಾನನ ಅಧಿಕಾರ ಮುಗಿದ ಮೇಲೆಯೂ ಕೆಡಹುವ ಕೆಲಸ ನಿಲ್ಲಲಿಲ್ಲ. 1900ರಲ್ಲಿ ನೆಲದಡಿಯ ರೈಲು ಓಡತೊಡಗಿತು. ಹಳೆಯ ಪ್ಯಾರಿಸ್ ಅಲ್ಲೊಂದು ಇಲ್ಲೊಂದು ತುಣುಕಾಗಿ ಉಳಿದಿತ್ತು. 1897ರ ಸುಮಾರಿನಿಂದ ಅಟ್ಜೆ ಆ ತುಣುಕುಗಳ ಬೆನ್ನು ಹತ್ತಿದ.

ಆತನ ಸಲಕರಣೆ ಆ ಕಾಲಕ್ಕೂ ಹಳೆಯದೇ ಆಗಿತ್ತು. ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಪೆಟ್ಟಿಗೆ ಕ್ಯಾಮೆರಾಗಳು ಆಗಲೇ ಅಂಗಡಿಗಳಿಗೆ ಬಂದಿದ್ದವು. ಈತನದು ತಿದಿಯಂತೆ ಮಡಿಕೆಯಿರುವ ಮರದ ಕ್ಯಾಮೆರಾ, ಮೂರು ಕಾಲಿನ ನಿಲುವು, 18 ಸೆಂಟಿಮೀಟರ್ ಅಗಲ 24 ಸೆಂಟಿಮೀಟರ್ ಉದ್ದದ ಗಾಜಿನ ಫಲಕಗಳು. ಇಷ್ಟನ್ನೂ ಹೆಗಲಿಗೇರಿಸಿಕೊಂಡು ನಸುಕಿನಲ್ಲಿಯೇ ಮನೆ ಬಿಡುತ್ತಿದ್ದ. ನಿಲುವನ್ನು ಹೂಡಿ, ಕರಿಯ ಬಟ್ಟೆಯನ್ನು ತಲೆಯ ಮೇಲೆಳೆದುಕೊಂಡು, ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಬಿಂಬವನ್ನು ನೋಡಿ ಸರಿಪಡಿಸಬೇಕು. ಆಮೇಲೆ ಫಲಕವನ್ನು ಸೇರಿಸಿ, ಮಸೂರದ ಮುಚ್ಚಳ ತೆಗೆದು ಕಾಯಬೇಕು. ಬೆಳಕು ಮಂದವಾಗಿದ್ದರೆ ಆ ಕಾಯುವಿಕೆ ದೀರ್ಘ. ಅಷ್ಟರಲ್ಲಿ ಯಾರಾದರೂ ನಡೆದುಹೋದರೆ ಚಿತ್ರದಲ್ಲಿ ಅವರು ಮನುಷ್ಯರಾಗಿ ಉಳಿಯುವುದಿಲ್ಲ. ಹೊಗೆಯ ಎಳೆಯಂತೆ ಒಂದು ಮಸುಕು ಉಳಿಯುತ್ತದೆ. ಅಟ್ಜೆಯ ಎಷ್ಟೋ ಚಿತ್ರಗಳಲ್ಲಿ ಕಲ್ಲುಹಾಸಿನ ಬೀದಿ ಕೆತ್ತಿದಂತೆ ಸ್ಪಷ್ಟವಾಗಿದ್ದರೆ, ಅದರ ಮೇಲೆ ನಡೆದವರು ಆವಿಯಾಗಿ ಹೋಗಿದ್ದಾರೆ.

ಇನ್ನೊಂದು ವಿಶೇಷವನ್ನು ಈ ಚಿತ್ರಗಳ ಮೇಲ್ತುದಿಯಲ್ಲಿ ಕಾಣಬಹುದು. ಎತ್ತರದ ಕಟ್ಟಡದ ತುದಿ ಚಿತ್ರದೊಳಗೆ ಬರಬೇಕು, ಆದರೆ ಕ್ಯಾಮೆರಾವನ್ನು ಮೇಲಕ್ಕೆ ಓರೆಮಾಡಿದರೆ ಗೋಡೆಗಳು ವಾಲಿದಂತೆ ಕಾಣುತ್ತವೆ. ಅದಕ್ಕಾಗಿ ಆತ ಕ್ಯಾಮೆರಾವನ್ನು ನೆಟ್ಟಗೆ ಇಟ್ಟು ಮಸೂರವನ್ನಷ್ಟೇ ಮೇಲಕ್ಕೆ ಸರಿಸುತ್ತಿದ್ದ. ಹಾಗೆ ಸರಿಸಿದಾಗ ಬೆಳಕಿನ ವೃತ್ತ ಫಲಕದ ಮೂಲೆಗಳನ್ನು ಮುಟ್ಟದೆ ಅಲ್ಲಿ ಕರಿಯ ಕಮಾನುಗಳು ಉಳಿಯುತ್ತಿದ್ದವು. ಕಾಗದವನ್ನು ಕತ್ತರಿಸಿದ್ದರೆ ಆ ಕಪ್ಪು ಹೋಗುತ್ತಿತ್ತು. ಅಟ್ಜೆ ಆ ಗೋಜಿಗೆ ಹೋಗಲಿಲ್ಲ. ಗೋಡೆ ನೆಟ್ಟಗಿರಬೇಕು, ಅಳತೆ ಸರಿಯಾಗಿರಬೇಕು. ಮೂಲೆ ಕಪ್ಪಾದರೆ ಆಗಲಿ. ಚೆಲುವಿಗಿಂತ ನಿಜ ಮುಖ್ಯವೆಂದು ಬಗೆದ ಕೈ ಇದು. ಮನೆಗೆ ಬಂದು, ಕೋಳಿಮೊಟ್ಟೆಯ ಬಿಳಿಯನ್ನು ಸವರಿ ಸಿದ್ಧಪಡಿಸಿದ ಕಾಗದದ ಮೇಲೆ ಫಲಕವನ್ನಿಟ್ಟು, ಬಿಸಿಲಿನಲ್ಲಿ ಒಡ್ಡಿ ಪ್ರತಿ ತೆಗೆಯುತ್ತಿದ್ದ. ಎಲ್ಲವನ್ನೂ ತಾನೇ ಮಾಡುತ್ತಿದ್ದ.

1898ರಿಂದ 1900ರವರೆಗೆ ಅಟ್ಜೆ ಬೀದಿಯ ಕಸುಬಿನವರನ್ನು ಸಾಲುಸಾಲಾಗಿ ಚಿತ್ರಿಸಿದ. ನಮ್ಮಲ್ಲಿ ಪಾತ್ರೆಗೆ ಕಲಾಯಿ ಹಾಕುವವನು, ಕತ್ತರಿಗೆ ಸಾಣೆ ಹಿಡಿಯುವವನು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರಲ್ಲವೆ, ಅಂಥವರು ಅಲ್ಲಿಯೂ ಇದ್ದರು. ದೀಪದ ಮರೆಗಳನ್ನು ಮೈತುಂಬ ನೇತುಹಾಕಿಕೊಂಡ ಹುಡುಗ, ಕೊಡೆ ಮಾರುವವನು, ರೊಟ್ಟಿ ಹೊತ್ತ ಹೆಂಗಸು, ಚಿಂದಿ ಆಯುವವನು. ದೊಡ್ಡ ಅಂಗಡಿಗಳು ಇವರ ಅನ್ನವನ್ನು ಕಸಿಯುತ್ತಿದ್ದ ಕಾಲ ಅದು. ಈ ಚಿತ್ರಗಳಲ್ಲೆಲ್ಲ ನನ್ನ ಮನಸ್ಸಿನಿಂದ ಮರೆಯಾಗದ ಒಂದಿದೆ. ಹಿಡಿ ತಿರುಗಿಸಿದರೆ ರಾಗ ಹೊರಡಿಸುವ ಪೆಟ್ಟಿಗೆವಾದ್ಯದ ಹಿಂದೆ ಗಡ್ಡದ ಮುದುಕನೊಬ್ಬ ನಿಂತಿದ್ದಾನೆ. ಅವನ ಪಕ್ಕದಲ್ಲಿ ಪುಟ್ಟ ಮೈಕಟ್ಟಿನ ಹಾಡುಗಾತಿ. ಮುದುಕನ ಮುಖದಲ್ಲಿ ದಣಿವಲ್ಲದೆ ಬೇರೇನೂ ಇಲ್ಲ. ಆಕೆಯಾದರೋ ಮುಖವನ್ನು ಮೇಲೆತ್ತಿ, ಯಾವುದೋ ಮಹಡಿಯ ಕಿಟಕಿಯಿಂದ ಕಾಸು ಬೀಳುವುದನ್ನು ಕಾಣುತ್ತಿರುವಳೋ ಎಂಬಂತೆ, ಬಾಯ್ತುಂಬ ನಗುತ್ತಿದ್ದಾಳೆ. ಆಕೆ ಯಾರೆಂದು ಚಿತ್ರದ ಕೆಳಗೆ ಬರೆದಿಲ್ಲ. ಬರೆಯದಿದ್ದರೂ 1 ಶತಮಾನಕ್ಕೂ ಮಿಕ್ಕಿ ಆ ನಗೆ ಹಾಗೆಯೇ ಉಳಿದಿದೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಅಟ್ಜೆಯ ಭಾರವಾದ ಕ್ಯಾಮೆರಾದಿಂದ ಯಾರನ್ನೂ ಕದ್ದು ಸೆರೆಹಿಡಿಯುವುದು ಸಾಧ್ಯವಿರಲಿಲ್ಲ. ಆತ ಅವರನ್ನು ಕೇಳಿ ನಿಲ್ಲಿಸಬೇಕು. ಅವರು ಒಪ್ಪಿ ನಿಲ್ಲಬೇಕು. ಆದಕಾರಣ ಆ ಬಡವರು ಚಿತ್ರದಲ್ಲಿ ಸಿಕ್ಕಿಬಿದ್ದವರಂತೆ ಕಾಣದೆ ಎದುರಿಗೆ ನಿಂತು ಮಾತಾಡುವವರಂತೆ ಕಾಣುತ್ತಾರೆ. ಇಂದು ಎಲ್ಲರ ಜೇಬಿನಲ್ಲಿಯೂ ಕ್ಯಾಮೆರಾ ಇದೆ. ಕೇಳದೆ ತೆಗೆಯುವುದೇ ರೂಢಿಯಾಗಿದೆ. ಉಪಕರಣದ ತೊಡಕು ಕೆಲವೊಮ್ಮೆ ಮರ್ಯಾದೆಯನ್ನು ಕಲಿಸುತ್ತದೆಯೋ ಏನೋ.

ಊರಿನ ಅಂಚಿನಲ್ಲಿ ಹಳೆಯ ಕೋಟೆಗೋಡೆಯ ಆಚೆ ಕಟ್ಟಡ ಕಟ್ಟಬಾರದೆಂದು ಬಿಟ್ಟ ಬಯಲೊಂದಿತ್ತು. ಅಲ್ಲಿ ಚಿಂದಿ ಆಯುವವರು ಗಾಡಿಗಳಲ್ಲಿಯೂ ಹಲಗೆಯ ಗುಡಿಸಲುಗಳಲ್ಲಿಯೂ ಸಂಸಾರ ಹೂಡಿದ್ದರು. ಪ್ಯಾರಿಸ್ಸಿನ ವೈಭವವನ್ನು ಬಣ್ಣಿಸಿದವರಿಗೆ ಆ ಬಯಲು ಕಾಣಲಿಲ್ಲ. ಅಟ್ಜೆ ಅಲ್ಲಿಗೂ ಕ್ಯಾಮೆರಾ ಹೊತ್ತು ಹೋದ. 1913ರಲ್ಲಿ ಅದರದೇ ಒಂದು ಚಿತ್ರಸಂಪುಟವನ್ನು ಸಿದ್ಧಪಡಿಸಿದ. ಬಿಯೆವ್ರ್ ಎಂಬ ಪುಟ್ಟ ನದಿಯ ಕಥೆಯೂ ಇಂಥದೇ. ಚರ್ಮ ಹದಮಾಡುವವರು ಅದರ ದಂಡೆಯಲ್ಲಿ ನೆಲಸಿ, ಅದರ ನೀರಿನಿಂದಲೇ ಬದುಕಿ, ಅದನ್ನು ಕೊಳಚೆಯನ್ನಾಗಿಯೂ ಮಾಡಿದರು. ನಗರ ಅದನ್ನು ಸ್ವಲ್ಪಸ್ವಲ್ಪವಾಗಿ ಮುಚ್ಚುತ್ತ ಬಂತು. 1912ರ ಹೊತ್ತಿಗೆ ಪ್ಯಾರಿಸ್ಸಿನೊಳಗೆ ಆ ನದಿ ಪೂರ್ತಿಯಾಗಿ ನೆಲದಡಿ ಸೇರಿತು. ಇಂದು ಆ ಕೇರಿಯಲ್ಲಿ ನಡೆಯುವವರಿಗೆ ಕಾಲ ಕೆಳಗೆ ನದಿಯಿದೆಯೆಂದು ಹೇಳಿದರೆ ನಂಬಿಕೆ ಬರಲಾರದು. ಅಟ್ಜೆಯ ಚಿತ್ರಗಳನ್ನು ತೋರಿಸಿದರೆ ನಂಬಲೇಬೇಕು. ದಾಖಲೆಯ ಬಲ ಇಂಥದು.

ಆತನ ಚಿತ್ರಗಳ ಮೇಲೆ ಒಂದು ಆಕ್ಷೇಪವನ್ನು ನಾನೂ ಎತ್ತಬಲ್ಲೆ. ಕಸುಬಿನವರ ಸಾಲು ಮುಗಿದ ಮೇಲೆ ಆತನ ಬೀದಿಗಳು ಬಹುಪಾಲು ಬರಿದಾಗಿವೆ. ಬೀದಿಯೆಂದರೆ ಜನರಲ್ಲವೆ? ಜರ್ಮನ್ ವಿಮರ್ಶಕ ವಾಲ್ಟರ್ ಬೆನ್ಯಮಿನ್ ಈ ನಿರ್ಜನ ಬೀದಿಗಳನ್ನು ಅಪರಾಧ ನಡೆದ ಸ್ಥಳದ ಚಿತ್ರಗಳಿಗೆ ಹೋಲಿಸಿದ್ದುಂಟು. ಹೋಲಿಕೆ ಬಿರುಸಾದುದಾದರೂ ಸುಳ್ಳಲ್ಲ. ಅಪರಾಧದ ಸ್ಥಳವನ್ನು ಚಿತ್ರಿಸುವುದು ಸಾಕ್ಷ್ಯಕ್ಕಾಗಿ. ಮನೆಗಳನ್ನು ಉರುಳಿಸಿ ಜನರನ್ನು ಎಬ್ಬಿಸುವುದು ಕಾನೂನಿನ ಕಣ್ಣಿಗೆ ಅಪರಾಧವಲ್ಲ; ಅದಕ್ಕೂ ಒಬ್ಬ ಸಾಕ್ಷಿ ಬೇಕಲ್ಲವೆ?

ದಾಖಲೆಗಾರನ ಪಕ್ಷ ವಹಿಸಿದ ನಾನು ಆತನ ಒಂದು ಚೇಷ್ಟೆಯನ್ನು ಮುಚ್ಚಿಡಬಾರದು. 1910ರಲ್ಲಿ ಆತ ಪ್ಯಾರಿಸ್ಸಿನ ಮನೆಗಳ ಒಳಾಂಗಣಗಳ ಒಂದು ಸಂಪುಟವನ್ನು ಮಾಡಿದ. ಇದು ಇಂಥ ಕಸುಬಿನವನ ಮನೆ, ಇದು ಇಂಥ ಬೀದಿಯ ನಟನ ಮನೆ ಎಂದು ಪ್ರತಿಯೊಂದಕ್ಕೂ ಒಕ್ಕಣೆ ಬರೆದ. ಅವುಗಳಲ್ಲಿ ಕೆಲವು ಆತನ ಸ್ವಂತ ಮನೆಯವೆಂದು ಮುಂದೆ ವಿದ್ವಾಂಸರು ಕಂಡುಹಿಡಿದರು. ತನ್ನ ಹಾಸಿಗೆ, ತನ್ನ ಪುಸ್ತಕದ ಕಪಾಟು, ಇತರರ ಹೆಸರು! ದಾಖಲೆಯಲ್ಲಿ ಇದು ತಪ್ಪೇ ಸರಿ. ಆದರೆ ಆ ಕೋಣೆ ಬಡ ನಟನ ಕೋಣೆಯೆಂಬುದು ಪೂರ್ತಿ ಸುಳ್ಳೂ ಅಲ್ಲವೆಂದು ನೆನೆದರೆ ನಗು ಬರುತ್ತದೆ. ರಂಗವನ್ನು ಬಿಟ್ಟವನಿಗೆ ಪಾತ್ರ ಬಿಟ್ಟಿರಲಿಲ್ಲ.

ಆತನ ಗಿರಾಕಿಗಳಲ್ಲಿ ವರ್ಣಚಿತ್ರಕಾರರಲ್ಲದೆ ವಾಸ್ತುಶಿಲ್ಪಿಗಳೂ, ಕಬ್ಬಿಣದ ಕೆಲಸದವರೂ, ರಂಗಸಜ್ಜಿಕೆಯವರೂ, ನಗರದ ಗ್ರಂಥಾಲಯಗಳೂ, ಕಾರ್ನವಾಲೆ ವಸ್ತುಸಂಗ್ರಹಾಲಯವೂ ಇದ್ದವು. ಗಳಿಕೆ ಅಷ್ಟಕ್ಕಷ್ಟೆ. ಬಹುಕಾಲ ಹಾಲು, ರೊಟ್ಟಿ, ಸಕ್ಕರೆಗಳಲ್ಲಿಯೇ ಆತ ಜೀವ ಹಿಡಿದಿದ್ದನೆಂದು ನಟ ಗೆಳೆಯ ಆಂದ್ರೆ ಕಾಲ್ಮೆತ್ ಹೇಳಿದ್ದಾನೆ. ಅದಕ್ಕೆ ಕಾರಣ ಬಡತನ ಮಾತ್ರವಲ್ಲ, ಹಟವೂ ಹೌದು. ಬೇರೆ ಆಹಾರವೆಲ್ಲ ವಿಷವೆಂದು ಆತ ನಂಬಿದ್ದನಂತೆ. 1914ರ ಮಹಾಯುದ್ಧ ಬಂದಾಗ ಗಾಜಿನ ಫಲಕಗಳನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟ. ಕ್ಯಾಮೆರಾ ಬಹುಮಟ್ಟಿಗೆ ಮೂಲೆ ಸೇರಿತು. ಬಾಳಸಂಗಾತಿ ವ್ಯಾಲೆಂಟೀನಳ ಮಗ ರಣರಂಗದಲ್ಲಿ ಮಡಿದ. ಯುದ್ಧ ಮುಗಿದಾಗ ಅಟ್ಜೆಗೆ ಅರವತ್ತು ದಾಟಿತ್ತು. ತನ್ನ ತರುವಾಯ ಈ ಫಲಕಗಳು ಅದರ ಬೆಲೆ ತಿಳಿಯದವರ ಕೈಗೆ ಬಿದ್ದು ಹಾಳಾದಾವೆಂಬ ಚಿಂತೆ ಹತ್ತಿ, 1920ರಲ್ಲಿ ಸರಕಾರದ ಕಲಾ ಇಲಾಖೆಗೆ ಪತ್ರ ಬರೆದ. ಇಲಾಖೆ 2,621 ಫಲಕಗಳನ್ನು 10,000 ಫ್ರಾಂಕಿಗೆ ಕೊಂಡಿತು. ಲೆಕ್ಕ ಹಾಕಿದರೆ ಒಂದು ಫಲಕಕ್ಕೆ 4 ಫ್ರಾಂಕ್ ಕೂಡ ಬೀಳಲಿಲ್ಲ. ಒಂದು ನಗರದ ನೆನಪಿಗೆ ಇದು ಹೆಚ್ಚಿನ ಬೆಲೆಯೆಂದು ಯಾರೂ ಹೇಳಲಾರರು.

ಅಟ್ಜೆಯ ಮನೆ ಮೋಂಪಾರ್ನಾಸ್ ಭಾಗದ ಒಂದು ಬೀದಿಯಲ್ಲಿತ್ತು. ಅದೇ ಬೀದಿಯಲ್ಲಿ ಅಮೆರಿಕದ ಕಲಾವಿದ ಮ್ಯಾನ್ ರೇ ವಾಸವಾಗಿದ್ದ. ಅತಿವಾಸ್ತವವಾದಿಗಳೆಂದು ಹೆಸರಾದ ಹೊಸ ಪಂಥದವರ ಗೆಳೆಯ ಆತ. ಮುದುಕನ ಚಿತ್ರಗಳಲ್ಲಿ ಆ ತರುಣರಿಗೆ ಕನಸಿನ ಲೋಕವೊಂದು ಕಂಡಿತು. 1912ರ ಏಪ್ರಿಲ್ 17ರಂದು ಸೂರ್ಯಗ್ರಹಣವಾದಾಗ ಬಾಸ್ತೀಲ್ ಚೌಕದಲ್ಲಿ ನೆರೆದ ಜನ ಕಣ್ಣಿಗೆ ಮಸಿಗಾಜನ್ನು ಹಿಡಿದು ಒಂದೇ ಕಡೆ ಮೇಲಕ್ಕೆ ನೋಡುತ್ತಿದ್ದುದನ್ನು ಅಟ್ಜೆ ಚಿತ್ರಿಸಿದ್ದ. ಎಲ್ಲರೂ ಸೂರ್ಯನನ್ನು ನೋಡುತ್ತಿದ್ದರೆ ಈತ ನೋಡುವವರನ್ನು ನೋಡುತ್ತಿದ್ದ! 1926ರ ಜೂನ್ ತಿಂಗಳಲ್ಲಿ ಆ ಪಂಥದವರ ಪತ್ರಿಕೆಯ ಮುಖಪುಟದಲ್ಲಿ ಈ ಚಿತ್ರ ಅಚ್ಚಾಯಿತು. ತನ್ನ ಹೆಸರನ್ನು ಹಾಕಬಾರದೆಂದು ಅಟ್ಜೆ ಕೇಳಿಕೊಂಡ. ಇವು ಬರಿಯ ದಾಖಲೆಗಳು, ಅಷ್ಟೇ ಎಂಬುದು ಆತನ ಮಾತಿನ ಸಾರ.

ಇದನ್ನು ವಿನಯವೆಂದು ಹೊಗಳುವವರಿದ್ದಾರೆ. ತನ್ನ ಬೆಲೆ ತನಗೇ ತಿಳಿಯದ ಮುಗ್ಧತೆಯೆಂದು ಮರುಗುವವರೂ ಇದ್ದಾರೆ. ಎರಡೂ ಸರಿಯಲ್ಲವೆಂದು ನಾನು ಭಾವಿಸುತ್ತೇನೆ. ಹಳೆಯ ಪ್ಯಾರಿಸ್ಸೆಲ್ಲ ತನ್ನ ಬಳಿಯಿದೆಯೆಂದು ಸರಕಾರಕ್ಕೆ ಎದೆತಟ್ಟಿ ಬರೆದವನು ವಿನಯಶೀಲನೂ ಅಲ್ಲ, ಮುಗ್ಧನೂ ಅಲ್ಲ. ದಾಖಲೆಯೆಂಬ ಮಾತನ್ನು ಆತ ಹೆಮ್ಮೆಯಿಂದಲೇ ಆಡಿದ. ಚಿತ್ರದೊಳಗಿನ ವಸ್ತು ಮುಂದೆ ಬರಲಿ, ತೆಗೆದವನ ಕೈಚಳಕ ಹಿಂದೆ ಸರಿಯಲಿ ಎಂಬ ಶಿಸ್ತು ಆ ಮಾತಿನಲ್ಲಿದೆ.

ನನ್ನ ವಾದಕ್ಕೆ ಎದುರಾಗಿ ಒಂದು ಬಲವಾದ ಮಾತನ್ನು ಹೇಳಬಹುದು. ಕೊನೆಯ ವರ್ಷಗಳಲ್ಲಿ ಅಟ್ಜೆ ನಗರದ ಹೊರವಲಯದ ಹಳೆಯ ಉದ್ಯಾನಗಳಿಗೆ ಹೋಗತೊಡಗಿದ. ಅಲ್ಲಿನ ಕೊಳಗಳನ್ನೂ, ಪಾಚಿಗಟ್ಟಿದ ಶಿಲಾಮೂರ್ತಿಗಳನ್ನೂ, ಮಂಜಿನಲ್ಲಿ ಕರಗುವ ಮರಗಳನ್ನೂ ತೆಗೆದ ಚಿತ್ರಗಳು ಯಾವ ಗಿರಾಕಿಯ ಬೇಡಿಕೆಗೂ ಹುಟ್ಟಿದವುಗಳಂತೆ ತೋರುವುದಿಲ್ಲ. ಅವು ಕಲೆಯಲ್ಲದೆ ಮತ್ತೇನು? ಹೌದು, ಅವು ಅತ್ಯಂತ ಸುಂದರವಾದುವು; ನೋಡಿದವರು ಸುಮ್ಮನಾಗುತ್ತಾರೆ. ಆದರೆ 1925ರಲ್ಲಿ ಸೋ ಎಂಬ ಪಾಳುಬಿದ್ದ ಉದ್ಯಾನದಲ್ಲಿ ತೆಗೆದ ಕೆಲವು ಚಿತ್ರಗಳ ಮೇಲೆ ಆತ ಬರೆದಿರುವುದನ್ನು ನೋಡಿ. ತಿಂಗಳು ಇಂಥದು, ಬೆಳಗ್ಗೆ ಇಷ್ಟು ಗಂಟೆ. 68 ವರ್ಷದ ಮುದುಕ ಮುಂಜಾವದಲ್ಲಿ ಅಷ್ಟು ದೂರ ಭಾರ ಹೊತ್ತು ಹೋಗಿ, ಆ ಸೌಂದರ್ಯದ ನಡುವೆ ನಿಂತು, ಗಂಟೆಯನ್ನು ಗುರುತುಹಾಕಿಕೊಂಡ. ಬಾಗಿಲ ಮೇಲಿನ ಹಲಗೆಯನ್ನು ಆತ ಅಲ್ಲಿಯೂ ಇಳಿಸಿರಲಿಲ್ಲ.

ಮ್ಯಾನ್ ರೇಯ ಸಹಾಯಕಳಾಗಿದ್ದ ಬೆರೆನಿಸ್ ಆ್ಯಬಟ್ ಎಂಬ ಅಮೆರಿಕದ ತರುಣಿ ಈ ಚಿತ್ರಗಳನ್ನು ಕಂಡು ಬೆರಗಾದಳು. ಬಿಡುವಾದಾಗಲೆಲ್ಲ ಮುದುಕನ ಮನೆಗೆ ಹೋಗಿ ಚಿತ್ರಗಳನ್ನು ನೋಡುತ್ತಿದ್ದಳು. 1926ರಲ್ಲಿ ವ್ಯಾಲೆಂಟೀನ್ ತೀರಿಕೊಂಡಳು. ಮರುವರ್ಷ ಆ್ಯಬಟ್ ಆತನನ್ನು ತನ್ನ ಚಿತ್ರಶಾಲೆಗೆ ಕರೆಸಿಕೊಂಡು ಭಾವಚಿತ್ರ ತೆಗೆದಳು. ತೇಪೆಹಾಕಿದ ಕೆಲಸದ ಬಟ್ಟೆಯಲ್ಲಿ ಬಂದಾನೆಂದು ಆಕೆ ಎಣಿಸಿದ್ದರೆ, ಆತ ಒಳ್ಳೆಯ ಮೇಲಂಗಿ ತೊಟ್ಟು ಬಂದಿದ್ದ. ಎದುರಿನಿಂದೊಮ್ಮೆ, ಪಕ್ಕದಿಂದೊಮ್ಮೆ ಚಿತ್ರ ತೆಗೆದಳು. ಬೆನ್ನು ಬಾಗಿದೆ, ತುಟಿ ಬಿಗಿದಿದೆ, ಕಣ್ಣು ಎಲ್ಲೋ ದೂರದಲ್ಲಿದೆ. ಪ್ರತಿಗಳನ್ನು ತೋರಿಸಲೆಂದು ಆಕೆ ಆತನ ಮನೆಯ ಮಹಡಿ ಹತ್ತಿದಾಗ ಬಾಗಿಲ ಮೇಲೆ ಆ ಹಲಗೆ ಕಾಣಲಿಲ್ಲ. ವಿಚಾರಿಸಿದ ಮೇಲೆ ತಿಳಿಯಿತು: 1927ರ ಆಗಸ್ಟ್ 4ರಂದು ಅಟ್ಜೆ ತೀರಿಕೊಂಡಿದ್ದ.

ಉಳಿದ ಫಲಕಗಳು ಎಲ್ಲಿ ಹೋದವು? ಆ್ಯಬಟ್ ಅವುಗಳನ್ನು ಹುಡುಕುತ್ತ ಹೊರಟು ಕಾಲ್ಮೆತ್‌ನನ್ನು ಪತ್ತೆಮಾಡಿದಳು. ಅವನ ಮನವೊಲಿಸಿ 1928ರಲ್ಲಿ ಸಾವಿರಕ್ಕೂ ಮಿಕ್ಕ ಫಲಕಗಳನ್ನೂ ಸಾವಿರಾರು ಪ್ರತಿಗಳನ್ನೂ ಕೊಂಡಳು. ಆಕೆ ಆಗ ಮೂವತ್ತರ ಆಸುಪಾಸಿನವಳು, ಹಣವಂತೆಯೂ ಅಲ್ಲ. 40 ವರ್ಷ ಅವುಗಳನ್ನು ಕಾಪಾಡಿ, ಕಂಡಕಂಡವರಿಗೆಲ್ಲ ತೋರಿಸಿ, 1968ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದಳು. ಈ ಹೆಂಗಸಿನ ಹಟವಿಲ್ಲದಿದ್ದರೆ ಅಟ್ಜೆಯ ವಿಷಯವಾಗಿ ಇಷ್ಟು ಚರ್ಚೆ ಮಾಡುವ ಪ್ರಸಂಗವೇ ನಮಗೆ ಬರುತ್ತಿರಲಿಲ್ಲ.

1929ರಲ್ಲಿ ಆಕೆ ನ್ಯೂಯಾರ್ಕಿಗೆ ಹೋದಾಗ ಅಲ್ಲಿಯೂ ಹಳೆಯ ಕಟ್ಟಡಗಳು ಉರುಳಿ ಗಗನಚುಂಬಿಗಳು ಏಳುತ್ತಿದ್ದವು. ಸ್ವಲ್ಪ ದಿನವಿದ್ದು ಬರೋಣವೆಂದು ಹೋದವಳು ಪ್ಯಾರಿಸ್ಸಿನ ತನ್ನ ಚಿತ್ರಶಾಲೆಯನ್ನು ಮುಚ್ಚಿದಳು. ದೊಡ್ಡದೊಂದು ಕ್ಯಾಮೆರಾ, ಮೂರು ಕಾಲಿನ ನಿಲುವು ಇವುಗಳನ್ನು ಹೊಂದಿಸಿಕೊಂಡು, ಅವುಗಳ ಭಾರ ಹೊತ್ತು ಆ ಊರಿನ ಬೀದಿಗಿಳಿದಳು.